ನಿಮಗಿದು ಗೊತ್ತೆ? ಜಪಾನಿನ ಖಡ್ಗವೆಲ್ಲ ‘ಕತಾನಾ’ ಅಲ್ಲ

ಸಿನಿಮಾದಲ್ಲಿ ಕಂಡ ಬಾಗಿದ ಜಪಾನಿ ಖಡ್ಗಕ್ಕೆಲ್ಲ ‘ಕತಾನಾ’ ಅಂದುಬಿಡುವುದು ರೂಢಿ. ಆದರೆ ಅಲ್ಲಿ ಹೆಸರು ನಿಂತಿರುವುದು ಬಾಗಿನ ಮೇಲಲ್ಲ; ಅಲಗಿನ ಉದ್ದ ಮತ್ತು ಧರಿಸುವ ಬಗೆಯ ಮೇಲೆ. ಸುಮಾರು 30 ಸೆಂ.ಮೀ.ಗಿಂತ ಚಿಕ್ಕದು ತಾಂತೊ, 30ರಿಂದ 60ರವರೆಗಿನದು ವಾಕಿಜಾಶಿ. ಅದಕ್ಕೂ ಉದ್ದವಾದವುಗಳಲ್ಲಿ, ಬಾಯಿ ಕೆಳಗಾಗಿ ಸೊಂಟದಿಂದ ತೂಗುತ್ತಿದ್ದದ್ದು ತಾಚಿ. ಬಾಯಿ ಮೇಲಾಗಿ ನಡುಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಕತಾನಾ. ಹಿಡಿಯೊಳಗೆ ಅಡಗುವ ಅಲಗಿನ ಬುಡದಲ್ಲಿ, ಧರಿಸಿದಾಗ ಹೊರಮುಖವಾಗುವ ಬದಿಗೆ, ಕಮ್ಮಾರ ಸಾಮಾನ್ಯವಾಗಿ ತನ್ನ ಹೆಸರು ಕೊರೆಯುತ್ತಿದ್ದ. ಅಪವಾದಗಳಿದ್ದರೂ ಆ ಸಹಿ ಯಾವ ಬದಿಗಿದೆ ಎಂಬುದೇ ಒಂದು ಸಾಕ್ಷಿ.

ಜಪಾನಿಯರೇ ಆಡುಮಾತಿನಲ್ಲಿ ಯಾವ ಖಡ್ಗಕ್ಕೂ ಕತಾನಾ ಎನ್ನುವಾಗ ನಮಗೇಕೆ ಈ ಮಡಿವಂತಿಕೆ ಎಂದು ಕೇಳಬಹುದು. ನಿಜ, ಆ ಪದಕ್ಕೆ ವಿಶಾಲ ಅರ್ಥವೂ ಇದೆ. ಒಟ್ಟಾಗಿ ಹೇಳಲು ‘ನಿಹೊಂತೊ’ ಎಂಬ ಪದವೂ ಇದೆ. ಹೆಸರುಗಳ ಗಡಿ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ: ಉದ್ದನೆಯ ಎಷ್ಟೋ ತಾಚಿಗಳ ಬುಡವನ್ನು ಮುಂದಿನ ಪೀಳಿಗೆಯವರು ಕತ್ತರಿಸಿ ಕತಾನಾದಂತೆ ಧರಿಸಿದರು, ಆಗ ಸಹಿಯೇ ಹೋದದ್ದುಂಟು. ಆದರೆ ಈ ಕಥೆ ತಿಳಿಯುವುದೇ ತಾಚಿ, ಕತಾನಾಗಳನ್ನು ಬೇರೆ ಮಾಡಿ ನೋಡುವವರಿಗೆ. ಸಹಿಯಂತೆ ಬುಡದ ತುಕ್ಕೂ ಒಂದು ಸಾಕ್ಷಿಯೇ. ಆದರೆ ಗೌರವವೆಂದರೆ ಹೊಳಪು ಅಂದುಕೊಂಡವರು (ಹಿತ್ತಾಳೆ ದೀಪ ಉಜ್ಜುವ ನಮ್ಮಂಥವರಿಗೆ ಇದು ಸಹಜವೇ) ಬುಡದ ಕಪ್ಪು ತುಕ್ಕನ್ನೂ ತಿಕ್ಕಿ ತೆಗೆದುಬಿಡುತ್ತಾರೆ. ಪರಿಣತರು ಖಡ್ಗದ ವಯಸ್ಸು ಅಂದಾಜು ಮಾಡುವಾಗ ಆ ತುಕ್ಕಿನ ಬಣ್ಣವನ್ನೂ ನೋಡುತ್ತಾರೆ. ಅದಕ್ಕೇ ಅಲಗಿಗೆ ತೆಳುವಾಗಿ ಎಣ್ಣೆ ಸವರಿದರೂ ಬುಡವನ್ನು ಉಜ್ಜುವುದಿಲ್ಲ.