ಮಾರ್ದನಿ ಕೇಳುವುದು ಆ ತುದಿಗೆ

ಕಾರಿಗೆ ಹೊಸದಾಗಿ ಹ್ಯಾಂಡ್ಸ್‌ಫ್ರೀ ಕಿಟ್ ಹಾಕಿಸಿದವರ ಮನೆಯಲ್ಲಿ ಮೊದಲ ವಾರ ಒಂದು ಸಣ್ಣ ಜಟಾಪಟಿ ನಡೆಯುತ್ತದೆ. "ನಾನು ಹೇಳಿದ್ದೇ ನನಗೆ ವಾಪಸ್ ಕೇಳ್ತಿದೆ ಕಣ್ರೀ" ಎಂದು ಮನೆಯಲ್ಲಿರುವಾಕೆ ದೂರುತ್ತಾಳೆ. "ನನಗೆ ಸರಿಯಾಗೇ ಕೇಳ್ತಿದೆ, ನಿನ್ನ ಫೋನೇ ಕೆಟ್ಟಿರಬೇಕು" ಎಂದು ಕಾರಿನಲ್ಲಿರುವಾತ ತೀರ್ಪು ಕೊಡುತ್ತಾನೆ. ತೀರ್ಪು ತಲೆಕೆಳಗು. ಮಾರ್ದನಿ ಯಾರಿಗೆ ಕೇಳುತ್ತದೋ ಅವರ ಕಡೆ ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಅದು ಹುಟ್ಟುವುದು ಎದುರು ತುದಿಯಲ್ಲಿ, ಅಂದರೆ ಕಾರಿನಲ್ಲಿ.

ಆ ಕಥೆಗೆ ಹೋಗುವ ಮುನ್ನ ಅಂಗಡಿಯಲ್ಲಿ ಒಂದು ಸುತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲೇ ಆಗಲಿ, ಕಿಟ್‌ಗಳು ಮುಖ್ಯವಾಗಿ ಮೂರು ಬಗೆ. ಸನ್‌ವೈಸರ್‌ಗೆ ಸಿಕ್ಕಿಸುವ, ಮೈಕ್, ಸ್ಪೀಕರ್, ಬ್ಯಾಟರಿ ಎಲ್ಲವೂ ಒಳಗೇ ಇರುವ ಡಬ್ಬಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿ, ಎಫ್.ಎಂ. ಮೂಲಕ ಕಾರಿನ ರೇಡಿಯೊದಲ್ಲಿ ಮಾತು ಹೊರಡಿಸುವ ಅಡಾಪ್ಟರ್. ಸ್ಟೀರಿಯೊದ ವೈರಿಂಗ್‌ಗೇ ಸೇರಿಕೊಳ್ಳುವ, ಮೈಕ್ ಬೇರೆಯಾಗಿ ಇರುವ ಕಿಟ್. ದಿನವೂ ಕಾರು ಓಡಿಸುವವರಿಗೆ ಮೂರನೆಯದೇ ಸರಿ. ಎಫ್.ಎಂ. ಅಡಾಪ್ಟರ್‌ಗೆ ದೊಡ್ಡ ಊರಿನಲ್ಲಿ ಖಾಲಿ ಫ್ರೀಕ್ವೆನ್ಸಿ ಹುಡುಕುವುದೇ ಒಂದು ಕೆಲಸ.

ಫೋನಿಗೂ ಕಿಟ್‌ಗೂ ನಂಟು ಬೆಸೆಯುವುದು ಬ್ಲೂಟೂತ್. (ಹತ್ತನೇ ಶತಮಾನದ ಡೆನ್ಮಾರ್ಕ್ ದೊರೆ ಹೆರಾಲ್ಡನ ಅಡ್ಡಹೆಸರು ಅದು. ಅವನ ಹೆಸರಿನ ಎರಡು ಪ್ರಾಚೀನ ಲಿಪಿಯ ಅಕ್ಷರಗಳೇ ಇಂದಿಗೂ ಅದರ ಗುರುತು.) ಕೊಳ್ಳುವಾಗ ಡಬ್ಬಿಯ ಮೇಲೆ 'ಎಚ್‌ಎಫ್‌ಪಿ' ಇದೆಯೇ ನೋಡಬೇಕು. 'ಎ2ಡಿಪಿ' ಮಾತ್ರ ಇದ್ದರೆ ಹಾಡು ಕೇಳಬಹುದು, ಮಾತಾಡಲಾಗದು. ಎಚ್‌ಎಫ್‌ಪಿ 1.6 ಅಥವಾ ಅದಕ್ಕೂ ಹೊಸದಾದರೆ ಸೆಕೆಂಡಿಗೆ 8,000ದ ಬದಲು 16,000 ಮಾದರಿಗಳ ತಿಳಿಯಾದ ದನಿ ಸಾಧ್ಯ.

ಈಗ ಮಾರ್ದನಿ. ಮನೆಯಾಕೆಯ ಮಾತು ಕಾರಿನ ಸ್ಪೀಕರ್‌ನಿಂದ ಹೊರಟು, ಗಾಜಿಗೆ, ಚಾವಣಿಗೆ ಬಡಿದು, ಅಲ್ಲಿನ ಮೈಕ್ ಹೊಕ್ಕು ಮತ್ತೆ ಮನೆಗೇ ಹೊರಡುತ್ತದೆ. ಕಾರಿನೊಳಗೆ ಎರಡು ಮೀಟರ್ ದಾಟಲು ಶಬ್ದಕ್ಕೆ ಸುಮಾರು 6 ಮಿಲಿಸೆಕೆಂಡ್ ಸಾಕು. ತಡ ಇಷ್ಟೇ ಆಗಿದ್ದರೆ ಕಿವಿಗೆ ಪತ್ತೆಯೇ ಆಗುತ್ತಿರಲಿಲ್ಲ. ಆದರೆ ಮೊಬೈಲ್ ಜಾಲ ಹೋಗಿಬರುವ ದಾರಿಯಲ್ಲಿ ನೂರಾರು ಮಿಲಿಸೆಕೆಂಡ್ ಸೇರಿಸುತ್ತದೆ. ತಡವಾಗಿ ಬಂದ ಮಾತು ಆಕೆಗೆ ಬೇರೆಯಾಗಿ ಕೇಳುತ್ತದೆ.

ಅಗ್ಗದ ಕಿಟ್‌ನ ಉಪಾಯ ಒರಟು: ಸ್ಪೀಕರ್ ಮಾತಾಡುವಾಗ ಮೈಕ್ ಬಂದ್. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ಮಾತು ತುಂಡಾಗುತ್ತದೆ. ಒಳ್ಳೆಯ ಕಿಟ್ ಲೆಕ್ಕ ಹಾಕುತ್ತದೆ. ಸ್ಪೀಕರ್‌ಗೆ ಏನು ಕಳಿಸಿದೆ ಎಂಬುದು ಅದಕ್ಕೆ ಗೊತ್ತು. ಆ ದನಿ ಇದೇ ಕಾರಿನಲ್ಲಿ ಸುತ್ತಿ ಮೈಕ್‌ಗೆ ಯಾವ ರೂಪದಲ್ಲಿ ಬರುತ್ತದೆಂದು ಅಂದಾಜಿಸಿ, ಅಷ್ಟನ್ನು ಮೈಕ್ ಹಿಡಿದದ್ದರಿಂದ ಕಳೆಯುತ್ತದೆ. ಶೇಷ ಉಳಿದರೆ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಕಿಟಕಿ ಇಳಿಸಿದರೆ, ಹಿಂದೆ ಮಗು ಎದ್ದು ನಿಂತರೆ ಮತ್ತೆ ತಿದ್ದುತ್ತದೆ. ಎಂಥ ಚೆಂದದ ಕಳೆಯುವ ಲೆಕ್ಕ! ಇದಕ್ಕೆ ತಳಪಾಯ ಹಾಕಿದವರಲ್ಲಿ ಮನಮೋಹನ ಸೋಂಧಿ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮುಂದೆ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದವರು. ತನ್ನನ್ನು ತಾನೇ ತಿದ್ದಿಕೊಳ್ಳುವ ಮಾರ್ದನಿ ನಿವಾರಕದ ಬಗ್ಗೆ ಅವರ ಲೇಖನ ಬಂದದ್ದು 1967ರಲ್ಲಿ.

ಜನ ಎಡವುವುದು ಇಲ್ಲೇ. ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಪೂರ್ತಿ ಏರಿಸುತ್ತಾರೆ. ಸ್ಪೀಕರ್ ಒಡಕು ದನಿ ಹೊರಡಿಸತೊಡಗುತ್ತದೆ. ಆ ಒಡಕು ಮೂಲ ಮಾತಿನಲ್ಲಿ ಇಲ್ಲದ ಶಬ್ದ. ಅಂದಾಜಿನಲ್ಲೇ ಇಲ್ಲದ್ದನ್ನು ಕಿಟ್ ಕಳೆಯುವುದು ಹೇಗೆ? ಸಾವಿರಾರು ರೂಪಾಯಿಯ ಕಿಟ್ ಬದಲಿಸುವ ಮುನ್ನ ವಾಲ್ಯೂಮ್ ಎರಡು ಮೆಟ್ಟಿಲು ಇಳಿಸಿ ನೋಡುವುದು ಲೇಸು.

ಎರಡನೆಯ ಮದ್ದು ಮೈಕ್‌ನ ಜಾಗ. ಬಾಯಿಂದ 60 ಸೆಂಟಿಮೀಟರ್ ದೂರದ ಮೈಕನ್ನು 30ಕ್ಕೆ ತಂದರೆ ನೇರವಾಗಿ ತಲುಪುವ ಮಾತಿನ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ. ಸನ್‌ವೈಸರ್ ಪಕ್ಕ ಅಥವಾ ರೂಫ್ ಲೈಟ್ ಬಳಿ ಒಳ್ಳೆಯದು, ಎ.ಸಿ. ಗಾಳಿ ಬಡಿಯುವ ಡ್ಯಾಶ್‌ಬೋರ್ಡ್ ಬೇಡ.

ವೈರಿಂಗ್ ವಿಷಯ ಚುಟುಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೆಯೇ ಕೈ ಹಾಕಬೇಕು. ಹೊರಗಿನಿಂದ ಕೊಂಡ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್ ಸದಾ ಕರೆಂಟ್ ಇರುವುದು, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್. ಕಂಪನಿಯ ವೈರಿಂಗ್‌ನಲ್ಲಿ ಬಣ್ಣ ಬೇರೆಯೇ ಇರಬಹುದು, ಆದ್ದರಿಂದ ಮಲ್ಟಿಮೀಟರ್ ಇಲ್ಲದ ಎಲೆಕ್ಟ್ರಿಷಿಯನ್ ಕೈಗೆ ಕಾರು ಕೊಡಬಾರದು. ಕೆಂಪನ್ನೂ ಹಳದಿಗೇ ಸೇರಿಸಿದರೆ ಕಿಟ್ ರಾತ್ರಿಯಿಡೀ ಎಚ್ಚರವಿದ್ದು ಬ್ಯಾಟರಿ ಹೀರುತ್ತದೆ. ಬಾಗಿಲ ಪಕ್ಕದ ಪಿಲ್ಲರ್‌ನಲ್ಲಿ ಏರ್‌ಬ್ಯಾಗ್ ಇದ್ದರೆ ಮೈಕ್ ವೈರ್ ಅದರ ಮುಂದೆ ಅಡ್ಡ ಹಾಯಲೇಕೂಡದು.

ಒಂದು ಅಪ್ರಿಯ ಮಾತೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಓಡಿಸುವಾಗ ಕೈಯಲ್ಲಿ ಹಿಡಿದು ಬಳಸುವ ಫೋನನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಕೈ ಬಿಡುವಾದರೆ ಅಪಾಯ ಮುಗಿಯಿತೇ? ಕೆನಡಾದ ರೆಡೆಲ್‌ಮೈಯರ್ ಮತ್ತು ಟಿಬ್ಶಿರಾನಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೋನ್ ಮಾತಿನ ವೇಳೆ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟಿತ್ತು. ಹ್ಯಾಂಡ್ಸ್‌ಫ್ರೀಯಿಂದ ಸುರಕ್ಷತೆ ಹೆಚ್ಚಿದ ಸುಳಿವು ಸಿಗಲಿಲ್ಲ. ಮಾತು ಉದ್ದವಾದರೆ ಕಾರನ್ನು ಪಕ್ಕಕ್ಕೆ ಹಾಕುವುದೇ ಮೇಲು.

ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಒಂದು ಕೋರಿಕೆ. ಶೇಷ ನೋಡಿ ಅಂದಾಜು ತಿದ್ದುವ, ವಿಡ್ರೊ ಮತ್ತು ಹಾಫ್ 1960ರಲ್ಲಿ ಕೊಟ್ಟ 'ಎಲ್‌ಎಂಎಸ್' ಸೂತ್ರವನ್ನು ಇಪ್ಪತ್ತು ಸಾಲಿನ ಪ್ರೋಗ್ರಾಂನಲ್ಲಿ ಬರೆಯಬಹುದು. ನಿಂತ ಕಾರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು, ಒಮ್ಮೆ ಕಿಟಕಿ ಇಳಿಸಿ, ಒಮ್ಮೆ ಏರಿಸಿ, ಶೇಷ ಹೇಗೆ ಏರಿಳಿಯುತ್ತದೆಂದು ನೋಡಿ.