ಆಸ್ಪತ್ರೆಯ ಪ್ರಯೋಗಾಲಯ: ಒಂದೇ ರಕ್ತ, ಹಲವು ವಿಭಾಗ

ಮೂರು ದಿನಗಳಿಂದ ಜ್ವರ ಬಿಡದ ರೋಗಿಯೊಬ್ಬ ಆಸ್ಪತ್ರೆಗೆ ಬಂದಿದ್ದಾನೆಂದು ಇಟ್ಟುಕೊಳ್ಳೋಣ. ವೈದ್ಯರು ಆತನನ್ನು ನೋಡಿ, ಚೀಟಿಯಲ್ಲಿ ಕೆಲವು ಪರೀಕ್ಷೆಗಳನ್ನು ಬರೆದುಕೊಡುತ್ತಾರೆ. ಸಿಬ್ಬಂದಿ ಆತನ ತೋಳಿನಿಂದ ರಕ್ತ ತೆಗೆದು ನೇರಳೆ, ಬೂದು, ಕೆಂಪು ಮುಚ್ಚಳಗಳ ನಳಿಕೆಗಳಿಗೆ ತುಂಬುತ್ತಾರೆ. ರಕ್ತ ಒಂದೇ ಆಗಿರುವಾಗ ಇಷ್ಟೊಂದು ನಳಿಕೆಗಳೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಪ್ರಯೋಗಾಲಯದ ವಿಭಾಗಗಳ ಪರಿಚಯ ತಾನಾಗಿಯೇ ಆಗುತ್ತದೆ.

ರಕ್ತಕಣಗಳ ಲೆಕ್ಕ

ನೇರಳೆ ಮುಚ್ಚಳದ ನಳಿಕೆ ಹೋಗುವುದು ಹೆಮಟಾಲಜಿ, ಅಂದರೆ ರಕ್ತಶಾಸ್ತ್ರ ವಿಭಾಗಕ್ಕೆ. ಇದರಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕವಿರುತ್ತದೆ. ಅದು ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಇಲ್ಲಿ ಹಿಮೋಗ್ಲೋಬಿನ್ ಪ್ರಮಾಣವನ್ನೂ ಕೆಂಪು ಕಣ, ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳ ಸಂಖ್ಯೆಯನ್ನೂ ಕಂಡುಹಿಡಿಯುತ್ತಾರೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಡೆಂಗಿ ಜ್ವರದಲ್ಲಿ ಇವು ಕುಸಿಯಬಹುದು.

ಆದರೆ ಯಂತ್ರ ಹೇಳಿದ್ದೆಲ್ಲ ಕೊನೆಯ ಮಾತಲ್ಲ. ಕೆಲವರ ರಕ್ತದಲ್ಲಿ ಇ.ಡಿ.ಟಿ.ಎ. ಸೇರಿದೊಡನೆ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. ಆಗ ಯಂತ್ರ ಕಡಿಮೆ ಸಂಖ್ಯೆ ತೋರಿಸುತ್ತದೆ. ಆದ್ದರಿಂದ ಸಂಶಯ ಬಂದಾಗ ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ. ಮಲೇರಿಯಾ ಪರೋಪಜೀವಿ ಕಾಣಸಿಗುವುದೂ ಇದೇ ಪಟ್ಟಿಯಲ್ಲಿ.

ರಾಸಾಯನಿಕ ವಿಶ್ಲೇಷಣೆ

ಬೂದು ಮತ್ತು ಕೆಂಪು ನಳಿಕೆಗಳು ಜೀವರಸಾಯನ ವಿಭಾಗಕ್ಕೆ ಸೇರುತ್ತವೆ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಜೀವಂತವಾಗಿದ್ದು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಹಾಗಾಗಿ ತಡವಾದಷ್ಟೂ ಸಕ್ಕರೆಯ ಅಂಶ ಇಳಿಯುತ್ತದೆ. ಇದನ್ನು ತಡೆಯಲು ಬೂದು ನಳಿಕೆಯಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ಕೆಂಪು ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಮೇಲೆ ನಿಲ್ಲುವ ತಿಳಿಯಾದ ಸೀರಮ್ ಅನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿನ ಕ್ರಿಯಾಟಿನಿನ್ ಮೂತ್ರಪಿಂಡದ ಸ್ಥಿತಿಯನ್ನೂ ಬಿಲಿರುಬಿನ್ ಯಕೃತ್ತಿನ ಸ್ಥಿತಿಯನ್ನೂ ತಿಳಿಸಲು ನೆರವಾಗುತ್ತವೆ. ಇ.ಡಿ.ಟಿ.ಎ. ಬೆರೆತ ರಕ್ತವನ್ನು ಇಲ್ಲಿಗೆ ತಂದರೆ ಕ್ಯಾಲ್ಸಿಯಂ ಸುಳ್ಳಾಗಿಯೇ ಕಡಿಮೆ ಕಾಣುತ್ತದೆ. ನಳಿಕೆಗಳು ಬೇರೆ ಬೇರೆ ಏಕೆಂಬುದು ಈಗ ಸ್ಪಷ್ಟವಾಯಿತಲ್ಲವೇ?

ರೋಗಾಣುಗಳ ಪತ್ತೆ

ಸೂಕ್ಷ್ಮಜೀವಿ ವಿಭಾಗದ ಕೆಲಸಕ್ಕೆ ತಾಳ್ಮೆ ಬೇಕು. ಕಫ, ಮೂತ್ರ, ಕೀವು ಅಥವಾ ರಕ್ತದ ಮಾದರಿಯನ್ನು ಪೋಷಕ ಮಾಧ್ಯಮದಲ್ಲಿಟ್ಟು, ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತಾರೆ. ಇದೇ ಕಲ್ಚರ್ ಪರೀಕ್ಷೆ. ಬೆಳೆದದ್ದು ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಎರಡು ಮೂರು ದಿನ ಹಿಡಿಯಬಹುದು. ಕ್ಷಯದ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದರಿಂದ ಅದಕ್ಕೆ ವಾರಗಳೇ ಬೇಕು. ಆದರೆ ಕ್ಷಯವನ್ನು ಕೆಲವೇ ಗಂಟೆಗಳಲ್ಲಿ ಗುರುತಿಸುವ ಅಣುಮಟ್ಟದ ಪರೀಕ್ಷೆಗಳೂ ಇಂದು ಇವೆ. ಮಾದರಿ ಕೊಡುವ ಮೊದಲೇ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿದರೆ ಬ್ಯಾಕ್ಟೀರಿಯಾ ಬೆಳೆಯದೆ, ರೋಗದ ಗುರುತೇ ಮರೆಯಾಗಬಹುದು.

ರಕ್ತನಿಧಿ ಮತ್ತು ಅಂಗಾಂಶ ಪರೀಕ್ಷೆ

ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದರು. ಈ ಸಂಶೋಧನೆಗೆ 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದು ರಕ್ತನಿಧಿಯಲ್ಲಿ ಗುಂಪು ನೋಡುವುದಷ್ಟೇ ಅಲ್ಲ, ದಾನಿಯ ರಕ್ತವನ್ನೂ ರೋಗಿಯ ರಕ್ತವನ್ನೂ ಬೆರೆಸಿ ಹೊಂದಾಣಿಕೆ ಪರೀಕ್ಷಿಸುತ್ತಾರೆ. ದಾನ ಬಂದ ಪ್ರತಿಯೊಂದು ಯೂನಿಟ್ ರಕ್ತವನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಹಾಗೂ ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ನಮ್ಮ ದೇಶದಲ್ಲಿ ಕಡ್ಡಾಯ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟು ಕ್ಯಾನ್ಸರೇ ಅಲ್ಲವೇ ಎಂದು ಹೇಳುವುದು ಹಿಸ್ಟೋಪೆಥಾಲಜಿ ವಿಭಾಗ. ತುಣುಕನ್ನು ಫಾರ್ಮಾಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರದ ಮೂರರಿಂದ ಐದು ಭಾಗದಷ್ಟು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ನೋಡುತ್ತಾರೆ. ವರದಿಗೆ ಕೆಲವು ದಿನ ಕಾಯಬೇಕಾಗುವುದು ಇದಕ್ಕಾಗಿಯೇ.

ಹೆಸರಿನ ಚೀಟಿಯ ಬೆಲೆ

ಪ್ರತಿದಿನ, ರೋಗಿಗಳ ಮಾದರಿಗೆ ಮುನ್ನ, ಫಲಿತಾಂಶ ಮೊದಲೇ ಗೊತ್ತಿರುವ ಮಾದರಿಯನ್ನು ಯಂತ್ರಕ್ಕೆ ಕೊಟ್ಟು ಅದು ಸರಿಯಾಗಿದೆಯೇ ಎಂದು ನೋಡುವುದು ಒಳ್ಳೆಯ ಪ್ರಯೋಗಾಲಯದ ಕ್ರಮ. ಆದರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ನಳಿಕೆಯ ಮೇಲೆ ತಪ್ಪು ಹೆಸರಿದ್ದರೆ ಎಲ್ಲ ಶ್ರಮವೂ ವ್ಯರ್ಥ. ಎ ಗುಂಪಿನ ರಕ್ತವನ್ನು ಓ ಗುಂಪಿನ ರೋಗಿಗೆ ಕೊಟ್ಟರೆ ಪ್ರಾಣಕ್ಕೇ ಅಪಾಯ.

ವಿದ್ಯಾರ್ಥಿಗಳೇ, ನೀವೋ ನಿಮ್ಮ ಮನೆಯವರೋ ರಕ್ತ ಕೊಡಲು ಹೋದಾಗ ಪೂರ್ಣ ಹೆಸರು, ವಯಸ್ಸು ಹೇಳಿ. ನಳಿಕೆಯ ಮೇಲೆ ಅದೇ ಹೆಸರಿದೆಯೇ ಎಂದು ನೋಡಿ. ಉಪವಾಸದಲ್ಲಿದ್ದೀರೋ ಇಲ್ಲವೋ, ಯಾವ ಔಷಧಿ ತೆಗೆದುಕೊಂಡಿದ್ದೀರಿ ಎಂಬುದನ್ನು ಮರೆಮಾಚಬೇಡಿ. ವರದಿಯ ಅಂಕಿಗಳನ್ನು ಕಂಡು ನೀವೇ ತೀರ್ಮಾನಕ್ಕೆ ಬರದೆ ವೈದ್ಯರಿಗೆ ತೋರಿಸಿ. ತೆರೆಯ ಹಿಂದೆ ಕುಳಿತು ಕೆಲಸ ಮಾಡುವ ತಂತ್ರಜ್ಞರನ್ನು ರೋಗಿ ನೋಡುವುದೇ ಅಪರೂಪ. ಆದರೂ ವೈದ್ಯರು ಬರೆಯುವ ಔಷಧಿಯ ಹಿಂದೆ ಅನೇಕ ಸಲ ಅವರ ಎಚ್ಚರದ ಕಣ್ಣುಗಳಿರುತ್ತವೆ.