ಗಡಿ ದಾಟುವ ಹೊಗೆ ಮತ್ತು ಕಾನೂನು

ಕೆನಡಾದ ಟ್ರೇಲ್ ಪಟ್ಟಣದ ಸೀಸ ಮತ್ತು ಸತುವಿನ ಕುಲುಮೆಯಿಂದ ಹೊರಟ ಗಂಧಕಯುಕ್ತ ಹೊಗೆಯು ಕೊಲಂಬಿಯಾ ನದಿಯ ಕಣಿವೆಗುಂಟ ಸಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಳೆ, ಕಾಡುಗಳನ್ನು ಹಾಳುಗೆಡವಿತು. ಈ ವ್ಯಾಜ್ಯದಲ್ಲಿ 1941ರ ಮಧ್ಯಸ್ಥ ತೀರ್ಪು, ತನ್ನ ನೆಲದ ಹೊಗೆಯಿಂದ ನೆರೆನಾಡಿಗೆ ಗಂಭೀರ ಹಾನಿಯಾಗಗೊಡುವ ಹಕ್ಕು ಯಾವ ರಾಷ್ಟ್ರಕ್ಕೂ ಇಲ್ಲವೆಂದು ಸಾರಿತು. ಹಾನಿಗೆ ಸ್ಪಷ್ಟ ಪುರಾವೆ ಇರಬೇಕೆಂದೂ ವಿಧಿಸಿತು. ಅಲ್ಲಿದ್ದುದು ಒಂದೇ ಕುಲುಮೆ, ಒಂದೇ ಕಣಿವೆ ಎಂಬುದನ್ನು ಮರೆಯಲಾಗದು.

ಪಂಜಾಬ್, ಹರಿಯಾಣಗಳ ಭತ್ತದ ಕೂಳೆಗೆ ಇಟ್ಟ ಬೆಂಕಿಯ ಹೊಗೆ ದೆಹಲಿಯನ್ನು ಮುಸುಕುವಾಗ ಈ ಅನುಕೂಲವಿಲ್ಲ. ಬೆಂಕಿಗಳು ಸಾವಿರಾರು, ದೆಹಲಿಯದೇ ವಾಹನಗಳ ಹೊಗೆ, ಧೂಳು ಅದರೊಡನೆ ಬೆರೆತಿರುತ್ತವೆ. 1981ರ ವಾಯು ಮಾಲಿನ್ಯ ಅಧಿನಿಯಮವು ನಿಯಂತ್ರಣದ ಹೊಣೆಯನ್ನು ಮುಖ್ಯವಾಗಿ ರಾಜ್ಯ ಮಂಡಳಿಗಳಿಗೆ ವಹಿಸಿತು. ಮಂಡಳಿಯ ಅಧಿಕಾರ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ, ಹೊಗೆ ನಿಲ್ಲುವುದಿಲ್ಲ. (ಊರಿನ ಮಾರಿಯನ್ನು ಗಡಿಯಾಚೆ ಬಿಟ್ಟುಬರುವ ಜನಪದ ಆಚರಣೆಯಲ್ಲಿಯೂ ನೆರೆಯೂರಿನ ಪಾಡನ್ನು ಕೇಳುವವರಿರಲಿಲ್ಲ.)

2021ರ ವಾಯು ಗುಣಮಟ್ಟ ನಿರ್ವಹಣಾ ಆಯೋಗದ ಅಧಿನಿಯಮ ಬೇರೆ ದಾರಿ ಹಿಡಿದಿದೆ. ಅದು ಹೇಳುವ 'ಹೊಂದಿಕೊಂಡ ಪ್ರದೇಶ' ಭೂಪಟದ ಗೆರೆಯಲ್ಲ. ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ರಾಜಧಾನಿ ವಲಯದ ಗಾಳಿಯನ್ನು ಕೆಡಿಸುವ ಮೂಲ ಎಲ್ಲಿದೆಯೋ ಆ ಸ್ಥಳ. ಗಡಿಯನ್ನು ಹಾನಿಯೇ ಗೊತ್ತುಪಡಿಸುವ ಈ ಕ್ರಮ ಗಮನಾರ್ಹವಾದುದು. ಆದರೆ ಅದರ ಅಳತೆಗೋಲು ರಾಜಧಾನಿ ವಲಯದ ಗಾಳಿಯೊಂದೇ. ಹೊಗೆಯನ್ನು ಮೊದಲು ಉಸಿರಾಡುವ ಪಂಜಾಬಿನ ಹಳ್ಳಿ ಈ ವ್ಯಾಖ್ಯೆಯೊಳಗೆ ಬರುವುದು ಮಾಲಿನ್ಯದ ಮೂಲವಾಗಿ ಮಾತ್ರ. ಐದು ಎಕರೆಗಿಂತ ಹೆಚ್ಚು ಜಮೀನುಳ್ಳ ರೈತ ಕೂಳೆ ಸುಟ್ಟರೆ ತೆರಬೇಕಾದ ಪರಿಸರ ಪರಿಹಾರಧನ 2024ರ ನವೆಂಬರಿನಲ್ಲಿ 15,000ದಿಂದ 30,000 ರೂಪಾಯಿಗೆ ಏರಿತು.